ಸೋರುವ ನಲ್ಲಿ, ಮೂರು ಗೋಡಂಬಿ

ನನ್ನ ಮೊಮ್ಮಗಳು ಅನು ಕೇಸರಿಬಾತ್ ತಿನ್ನುವುದನ್ನು ನೀವು ನೋಡಬೇಕು. ಮೊದಲು ಗೋಡಂಬಿಯನ್ನೆಲ್ಲ ಆರಿಸಿ ತಟ್ಟೆಯ ಅಂಚಿಗಿಡುತ್ತಾಳೆ. ಎಲ್ಲ ಮುಗಿದ ಮೇಲೆ ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳುತ್ತಾಳೆ. ಚಿಕ್ಕಂದಿನಿಂದಲೂ ಹೀಗೇ. ಯಾರಿಗೂ ಕೊಡುವುದಿಲ್ಲ. (ನನಗೂ! ಮಾಡಿದವಳು ನಾನೇ ಆದರೂ.)

ಕಳೆದ ಭಾನುವಾರ ಆ ಗೋಡಂಬಿಯೇ ಅವಳ ಮದುವೆ ಮಾತಿಗೆ ಕಲ್ಲು ಹಾಕುವುದರಲ್ಲಿತ್ತು.

ಲಂಡನ್ನಿನ ಕ್ವೀನ್ಸ್‌ಬರಿಯ ನಮ್ಮ ಮನೆಗೆ ಹುಡುಗನ ಕಡೆಯವರು ಬಂದಿದ್ದರು. ಹುಡುಗ ಕಾರ್ತಿಕ್, ಹುಟ್ಟಿ ಬೆಳೆದದ್ದು ನ್ಯೂಜೆರ್ಸಿಯಲ್ಲಿ. ದಾರಿ ತಪ್ಪಿದಾಗ ನನ್ನ ಮೊಬೈಲಿಗೇ ಫೋನ್ ಮಾಡಿದ. (ನಮ್ಮ ಮನೆಯಲ್ಲಿ ಫೋನ್ ಎತ್ತುವವಳು ನಾನೊಬ್ಬಳೇ.) ಅವನ ತಾಯಿ ಕೂತವರೇ, "ನಾಳೆ ಫ್ಲೈಟು. ಇವತ್ತೇ ಏನಾದ್ರೊಂದು ಹೇಳ್ಬಿಡಿ" ಅಂದರು. ಎಷ್ಟು ಸಲೀಸು ನೋಡಿ! ನಮ್ಮ ಅನು ಇಲ್ಲಿಯ ಹವೆಯಲ್ಲಿ ಬೆಳೆದವಳು. ಜ್ವರ ಬಂದರೂ 'ಪರವಾಗಿಲ್ಲ' ಅನ್ನುವ ಜಾತಿ.

ಮಾತು ಹೇಗೋ ಟೀವಿಗೆ ತಿರುಗಿತು. ಇಬ್ಬರೂ ಒಂದೇ ಪೊಲೀಸ್ ಸೀರಿಯಲ್ ನೋಡಿದ್ದರು. ಅಂದರೆ ಅವಳು ನೋಡಿದ್ದು ಇಲ್ಲಿಯದು, ಅವನು ನೋಡಿದ್ದು ಅದನ್ನೇ ಅಮೆರಿಕದವರು ತಗೊಂಡು ಮತ್ತೆ ತೆಗೆದದ್ದು.

ಎರಡನ್ನೂ ನಾನು ನೋಡಿದ್ದೇನೆ. ಇಲ್ಲಿಯದು ಆರೇ ಕಂತು. ಇನ್‌ಸ್ಪೆಕ್ಟರನ ಕೋಟು ಸದಾ ಒದ್ದೆ, ಹಲ್ಲು ವಕ್ರ, ಅಡುಗೆಮನೆ ನಮ್ಮ ಬಚ್ಚಲಿನಷ್ಟು. ಕೊನೆಯಲ್ಲಿ ಅವನಿಗೆ ಟ್ರಾನ್ಸ್‌ಫರ್. ಜೊತೆಗೆ ಕೆಲಸ ಮಾಡುವ ಹೆಂಗಸಿನ ಮನೆಗೆ ಹೋಗುತ್ತಾನೆ, ಸೋರುವ ನಲ್ಲಿ ರಿಪೇರಿ ಮಾಡುತ್ತಾನೆ, ಹೊರಟುಹೋಗುತ್ತಾನೆ. ಮುಗಿಯಿತು. ಅಮೆರಿಕದವರದು ವರ್ಷವೆಲ್ಲ ಓಡಿತು. ಹಲ್ಲೆಲ್ಲ ಪಳಪಳ. ಅಡುಗೆಮನೆಯಲ್ಲಿ ಆರತಕ್ಷತೆ ಮಾಡಬಹುದು. ಕೊನೆಗೆ ಏರ್‌ಪೋರ್ಟಿನಲ್ಲಿ ಅವನು ಓಡಿ ಬಂದು 'ನಿನ್ನನ್ನು ಪ್ರೀತಿಸ್ತೀನಿ' ಅಂತ ಕೂಗುತ್ತಾನೆ. ಸುತ್ತ ನಿಂತವರು ಚಪ್ಪಾಳೆ! (ಹೀಥ್ರೋದಲ್ಲಿ ಹಾಗೆ ಕೂಗಿದರೆ ಕ್ಯೂ ಬಿಟ್ಟು ಯಾರಾದರೂ ಕದಲುತ್ತಾರೆಯೇ?)

"ಆದ್ರೆ ಅವನು ಏನೂ ಹೇಳ್ಲೇ ಇಲ್ವಲ್ಲ! ಅವಳಿಗೆ ಗೊತ್ತಾಗೋದು ಹೇಗೆ?" ಇಲ್ಲಿಯದರ ಕೊನೆಯನ್ನು ಅನುವಿನ ಬಾಯಲ್ಲಿ ಕೇಳಿದ ಕಾರ್ತಿಕ್ ಅಂದ.

"ನಲ್ಲಿ ರಿಪೇರಿ ಮಾಡಿದ್ನಲ್ಲ" ಅಂದಳು ಅನು.

"ಅದಕ್ಕೆ ಪ್ಲಂಬರ್ ಇಲ್ವಾ?"

(ಮಾತೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಮಾಡಿದ್ದು ನಾನು. ಇದೂ ಒಂದು ರೀಮೇಕೇ.)

ಅನು ತಟ್ಟೆ ನೋಡಿದಳು. ಆಮೇಲೆ ಅಂಚಿನಲ್ಲಿದ್ದ ಮೂರು ಗೋಡಂಬಿಯನ್ನು ಚಮಚದಲ್ಲಿ ಎತ್ತಿ ಅವನ ತಟ್ಟೆಗಿಟ್ಟಳು.

ಹುಡುಗಿ ಒಪ್ಪಿಬಿಟ್ಟಳು!

ಕಾರ್ತಿಕ್ ತಟ್ಟೆಯನ್ನು ಆಚೆ ತಳ್ಳಿದ. "ಸಾರಿ. ಗೋಡಂಬಿ ನಂಗೆ ಅಲರ್ಜಿ. ಅದಕ್ಕೇ ಕೇಸರಿಬಾತ್ ಮುಟ್ಟಿಲ್ಲ."

ಅನು ಮುಖ ಕೆಂಪಗೆ ಮಾಡಿಕೊಂಡು ಮಹಡಿ ಹತ್ತಿದಳು. ಮತ್ತೆ ಇಳಿಯಲಿಲ್ಲ. ಹುಡುಗನ ತಾಯಿ ನನ್ನ ಸೊಸೆಯ ಕೈ ಹಿಡಿದು, "ಪಾಪ, ಅವಳಿಗೆ ಇಷ್ಟ ಇಲ್ಲ ಅನ್ಸುತ್ತೆ. ಬಲವಂತ ಬೇಡಮ್ಮ" ಅಂದರು. ಹುಡುಗ ಶೂ ಲೇಸ್ ಕಟ್ಟುತ್ತಾ ಮೆಟ್ಟಿಲಿನ ಕಡೆಗೇ ನೋಡುತ್ತಿದ್ದ. ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದ. ಕಾರು ಹೊರಟಿತು.

ಅಮೆರಿಕದವರು ಎಲ್ಲವನ್ನೂ ಬಿಡಿಸಿ ಹೇಳಿ ಕೆಡಿಸುತ್ತಾರೆ ಅಂತ ಇದೇ ಸೋಫಾದಲ್ಲಿ ಕೂತು ಎಷ್ಟು ಸಲ ಆಡಿಕೊಂಡಿದ್ದೇನೋ. ಈಗ ನಾನೂ ಸುಮ್ಮನಿದ್ದರೆ ಒರಿಜಿನಲ್ಲಿನ ಹಾಗೆಯೇ ಮುಗಿಯುತ್ತಿತ್ತು. ಗೌರವವಾಗಿ, ದುಃಖವಾಗಿ. ಟೀವಿಯಲ್ಲಾದರೆ ಚೆಂದ. ನಮ್ಮ ಮನೆಯಲ್ಲಿ?

ಮೆಸೇಜು ಮಾಡುವುದನ್ನು ಹೊಸದಾಗಿ ಕಲಿತಿದ್ದೇನಲ್ಲ, ಕನ್ನಡಕ ಹಾಕಿಕೊಂಡೆ. ಒಂದು ಅಕ್ಷರ ಬೇಕಾದರೆ ಅದೇ ಗುಂಡಿಯನ್ನು ಒತ್ತುತ್ತಲೇ ಇರಬೇಕು, ಹೆಬ್ಬೆರಳು ಸೋತುಹೋಯಿತು. 'ಆ ಗೋಡಂಬಿನೇ ಅವಳ ಪೊಲೀಸಿನವನ ನಲ್ಲಿ ಕಣಪ್ಪ. ಅವಳು ಯಾರಿಗೂ ಕೊಡಲ್ಲ.' ಅವನು ದಾರಿ ಕೇಳಿದ್ದ ನಂಬರಿಗೆ ಕಳಿಸಿದೆ.

ಪಾತ್ರೆ ತೊಳೆದು ಮುಗಿಸುವ ಮೊದಲೇ ಮಹಡಿಯ ಮೇಲೆ ಅನುವಿನ ಫೋನ್ ರಿಂಗಾಯಿತು. ಬಾಗಿಲು ಮುಚ್ಚಿದ ಸದ್ದು. ಬಹಳ ಹೊತ್ತು ಪಿಸುಪಿಸು. ಆಮೇಲೆ ನಗು. ಕೊನೆಗೆ ದಡದಡ ಇಳಿದು ಬಂದಳು.

"ಅಜ್ಜೀ, ಅವನಿಗೆ ಏನ್ ಹೇಳ್ದೆ ನೀನು?"

"ನಾನಾ? ಒಂದು ಮಾತೂ ಆಡಿಲ್ಲ ಕಣೇ" ಅಂದೆ.

ಹೆಬ್ಬೆರಳಲ್ಲಿ ಒತ್ತಿದ್ದನ್ನೆಲ್ಲ ಮಾತು ಅನ್ನುತ್ತಾರೆಯೇ?