ದಾಕ್ಷಿಣ್ಯಕ್ಕೆ ಕೊಟ್ಟ ಪರ್ಮಿಷನ್

ನನ್ನ ದಾಕ್ಷಿಣ್ಯಕ್ಕಿಷ್ಟು ಬೆಂಕಿ ಹಾಕ! ಮನೆಗೆ ಬಂದವರಿಗೆ ಅರ್ಧ ಲೋಟ ಕಾಫಿ ಕೊಟ್ಟರೆ ಏನೆಂದುಕೊಂಡಾರೋ ಎಂದು ಒದ್ದಾಡುವವಳು ನಾನು. ಕಂಪ್ಯೂಟರಿನ ವಿಷಯದಲ್ಲೂ ಹಾಗೇ ಮಾಡಿ ಕೆಟ್ಟೆ.

ನಾವಿರುವ ಈ ಪರದೇಶದ ಊರಿನಲ್ಲಿ, ಎಜುಕೇಶನ್ ಹಿಲ್ ಬಡಾವಣೆಯ ಬಾಡಿಗೆ ಕೋಣೆಯೊಂದರಲ್ಲಿ ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆವು. ಅಲ್ಲಿದ್ದ ಎರಡು ಕಂಪ್ಯೂಟರುಗಳನ್ನು ಟೀಚರುಗಳೆಲ್ಲ ಹಂಚಿಕೊಂಡು ಬಳಸುತ್ತಿದ್ದೆವು. ಒಂದರಲ್ಲಿ ನನ್ನ ಅಕೌಂಟ್ ಇತ್ತು. ಅದರಲ್ಲಿ ಪಾಠಗಳ ಜೊತೆಗೆ, ಮಕ್ಕಳು ಕಥೆ ಹೇಳಿದ ಏಳು ವರ್ಷಗಳ ರೆಕಾರ್ಡಿಂಗುಗಳೂ ಇದ್ದವು. ಮೊದಲನೆಯದು ನನ್ನ ಮಗಳದು. ಆಗ ಅವಳಿಗೆ ನಾಲ್ಕು ವರ್ಷ. ಇರುವೆಯೊಂದು ಬಸ್ ಹತ್ತಿ ಮೈಸೂರಿಗೆ ಹೊರಟ ಕಥೆಯನ್ನು ತಾನೇ ಕಟ್ಟಿ, ಅಚ್ಚ ಕನ್ನಡದಲ್ಲಿ ಹೇಳಿದ್ದಳು. ಈಗ ಹನ್ನೊಂದಾಯಿತು, ನಾನು ಕನ್ನಡದಲ್ಲಿ ಏನು ಕೇಳಿದರೂ ಉತ್ತರ ಇಂಗ್ಲಿಷಿನಲ್ಲೇ. ಆ ಕನ್ನಡದ ದನಿ ಉಳಿದಿದ್ದದ್ದು ಆ ಕಂಪ್ಯೂಟರಿನಲ್ಲಿ ಮಾತ್ರ. ಎಲ್ಲಿ ಹೋಗುತ್ತೆ ಬಿಡು ಎಂದು ಬೇರೆ ಕಾಪಿ ಇಟ್ಟುಕೊಂಡಿರಲಿಲ್ಲ.

ಈ ವರ್ಷ ಬೆಂಗಳೂರಿನವರೊಬ್ಬರು ಹೊಸ ಟೀಚರಾಗಿ ಸೇರಿದರು. ಮನೆ ಅರ್ಧ ಗಂಟೆ ದೂರದ ಲಿನ್‌ವುಡ್‌ನಲ್ಲಿ.

“ಪಾಠ ರೆಡಿ ಮಾಡೋಕೆ ಅಲ್ಲಿಂದ ಡ್ರೈವ್ ಮಾಡ್ಕೊಂಡು ಬರೋದು ಕಷ್ಟ ಮೇಡಂ. ಮನೆಯಿಂದಾನೇ ನಿಮ್ ಅಕೌಂಟಿಗೆ ಕನೆಕ್ಟ್ ಆಗೋ ಹಾಗೆ ಮಾಡ್ಕೊಡಿ” ಎಂದರು.

ಬರೀ ನೋಡುವ ಅನುಮತಿ ಕೊಟ್ಟಿದ್ದರೆ ಸಾಕಿತ್ತು. ಆದರೆ ಅವರು ನನ್ನ ಕುರ್ಚಿಯ ಪಕ್ಕದಲ್ಲೇ ನಿಂತಿದ್ದರು. ನಮ್ಮವರೇ ಬಂದು ಕೇಳುತ್ತಿರುವಾಗ, ನಿಮ್ಮ ಮೇಲೆ ನಂಬಿಕೆಯಿಲ್ಲ ಎನ್ನುವ ಹಾಗೆ ‘ನೋಡಲು ಮಾತ್ರ’ ಎಂಬ ಬಟನ್ ಹೇಗೆ ಒತ್ತುವುದು? ಎಲ್ಲದಕ್ಕೂ ಅನುಮತಿ ಕೊಟ್ಟುಬಿಟ್ಟೆ. ಆಫೀಸಿನಲ್ಲಿ ನನ್ನ ಕೆಲಸವೇ ಇದು, ಯಾರಿಗೆ ಎಷ್ಟು ಬೇಕೋ ಅಷ್ಟೇ ಅನುಮತಿ ಕೊಡುವುದು. ಮ್ಯಾನೇಜರ್ ಕೇಳಿದರೂ ಒಂದು ಕೂದಲೆಳೆ ಜಾಸ್ತಿ ಕೊಟ್ಟವಳಲ್ಲ. ನಾಚಿಕೆಯಾಗಬೇಕು ನನಗೆ.

ಅದಾಗಿ ಮೂರನೆಯ ಭಾನುವಾರ ನೋಡಿದರೆ ರೆಕಾರ್ಡಿಂಗುಗಳು ಒಂದೂ ಇಲ್ಲ. ತಕ್ಷಣ ಅವರಿಗೆ ಫೋನ್ ಮಾಡಿದೆ.

“ಹೂಂ ಮೇಡಂ, ನಾನೇ ಕ್ಲೀನ್ ಮಾಡ್ದೆ. ಹಳೇ ಆಡಿಯೋ ತುಂಬ್ಕೊಂಡು ಎಷ್ಟು ಸ್ಲೋ ಆಗಿತ್ತು ಗೊತ್ತಾ? ಪೂರ್ತಿ ಡಿಲೀಟ್ ಮಾಡ್ಬಿಟ್ಟಿದೀನಿ, ವಾಪಸ್ ಬರಲ್ಲ.”

“ಒಂದ್ ಮಾತು ಕೇಳ್ಬಾರ್ದಿತ್ತೇನ್ರೀ?”

“ಅಯ್ಯೋ, ಫುಲ್ ಪರ್ಮಿಷನ್ ಕೊಟ್ಟಿದ್ದು ನೀವೇ ಅಲ್ವಾ!”

ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದ ಹಾಗೆ ಬೈಯಬೇಕೆನಿಸಿತು. ಆದರೆ ನಾನು ಹೇಳಿದ್ದೇನು ಗೊತ್ತೇ? “ಪರವಾಗಿಲ್ಲ ಬಿಡಿ.” ಪಾಪ, ಅವರಿಗೆ ಬೇಜಾರಾಗಬಾರದಲ್ಲ! ಫೋನಿಟ್ಟು ಆ ಕೋಣೆಯಲ್ಲೇ ಕೂತು ಅತ್ತೆ.

ಮನೆಗೆ ಬಂದಾಗ ಮಗಳು ಹೋಮ್‌ವರ್ಕ್ ಮಾಡುತ್ತಿದ್ದಳು. ಪಕ್ಕದಲ್ಲಿ ಕೂತು, “ಚಿಕ್ಕವಳಿದ್ದಾಗ ಇರುವೆ ಕಥೆ ಹೇಳಿದ್ಯಲ್ಲ ಪುಟ್ಟಿ, ಇನ್ನೊಂದ್ಸಲ ಹೇಳೇ” ಎಂದೆ.

ಅವಳು ಪೆನ್ಸಿಲ್ ಕೆಳಗಿಟ್ಟು ನಿಜವಾಗಿಯೂ ಯೋಚಿಸಿದಳು. “ಐ ಡೋಂಟ್ ರಿಮೆಂಬರ್, ಅಮ್ಮಾ. ಯು ಟೆಲ್ ಮಿ.”

ನಾನೇ ಶುರು ಮಾಡಿದೆ. ಇರುವೆ ಬಸ್ ಹತ್ತಿತು. ಆಮೇಲೆ ಏನಾಯಿತೆಂದು ನನಗೂ ನೆನಪಿರಲಿಲ್ಲ.