ಅಜ್ಜನ ಕಿಸೆಯೊಳಗಿನ ಕಿವಿ

ಹುಬ್ಬಳ್ಳಿಯ ದವಾಖಾನೆಯೊಂದರ ಒಳಕೋಣೆಯಲ್ಲಿ, ಕಿವಿ ಪರೀಕ್ಷೆ ಮಾಡುವ ಹುಡುಗಿ ನನ್ನ ಬಲಗಿವಿಯ ಹಿಂದೆ ಗೋಡಂಬಿಯಷ್ಟು ದೊಡ್ಡ ಮಷೀನೊಂದನ್ನು ಕೂರಿಸಿ, ಅದರ ಕೂದಲೆಳೆಯಂಥ ತಂತಿಯನ್ನು ಒಳಗೆ ಇಳಿಬಿಟ್ಟಳು. ಅಷ್ಟರಲ್ಲಿ ಬಾಗಿಲು ತೆರೆದು ಯಾರೋ ಇಣುಕಿದರು. ನನ್ನ ಕೈ ತಾನಾಗಿಯೇ ಮೇಲೆದ್ದು ಕಿವಿಯನ್ನು ಮುಚ್ಚಿಕೊಂಡಿತು. ಮುಚ್ಚಿದ್ದೇ ತಡ, ಕುಂಯ್ ಎಂದು ಸಣ್ಣ ಸೀಟಿಯೊಂದು ಎದ್ದಿತು. ಕೈ ಅಡ್ಡ ಬಂದರೆ ಹಾಗಾಗುತ್ತದೆ, ಮುಚ್ಚಬೇಡಿ ಎಂದು ಹುಡುಗಿ ನಕ್ಕಳು. ನನಗೆ ನಗಲಾಗಲಿಲ್ಲ. ಆ ಸೀಟಿಯನ್ನು ಕೇಳಿ ಎಷ್ಟು ವರ್ಷಗಳಾಗಿದ್ದವೋ. ಯರಗುಪ್ಪಿಯ ನಮ್ಮ ಮನೆಯ ಪಡಸಾಲೆಯಲ್ಲಿ ಅಜ್ಜನ ಅಂಗಿಯ ಕಿಸೆಯಿಂದ ಬರುತ್ತಿದ್ದ ಸೀಟಿ ಅದು. ಅದರ ಹಿಂದೆಯೇ ಸಾರಿಸಿದ ನೆಲದ ತಂಪು, ಹೆಸರುಕಾಳಿನ ಚೀಲಗಳ ಧೂಳುವಾಸನೆ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯ ಘಾಟು, ಎಲ್ಲ ಒಟ್ಟಿಗೇ ಬಂದು ನನ್ನ ಸುತ್ತ ನಿಂತವು.

ಅಂಥ ಮನೆಗಳನ್ನು ನೀವೂ ಕಂಡಿರುತ್ತೀರಿ. ಮೇಲೆ ಮಣ್ಣಿನ ಮಾಳಿಗೆ. ತಲೆಬಾಗಿಲು ದಾಟಿದೊಡನೆ ಎತ್ತುಗಳು. ಅವುಗಳ ಬೆಚ್ಚನೆಯ ಉಸಿರು ಹಾಯ್ದು ಮೆಟ್ಟಿಲು ಹತ್ತಿದರೆ ಪಡಸಾಲೆ. ಪಡಸಾಲೆಯ ಹಿಂದಿನ ಗೋಡೆಯಾಚೆ ಅಡುಗೆಮನೆ. ಬೆಳಕೆಂದರೆ ಬೆಳಕಿಂಡಿಯಿಂದ ಇಳಿಯುವ ಬಿಸಿಲಿನ ಕೋಲು ಒಂದೇ. ಬೆಳಿಗ್ಗೆ ಅದು ಅಜ್ಜನ ಕಂಬಳಿಯ ಅಂಚಿನಲ್ಲಿರುತ್ತಿತ್ತು, ಊಟದ ಹೊತ್ತಿಗೆ ಸರಿದು ಅಡುಗೆಮನೆಯ ಹೊಸ್ತಿಲಿಗೆ ಬಂದಿರುತ್ತಿತ್ತು. ಗಡಿಯಾರ ನೋಡುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಅಜ್ಜ ಬಿಳಿಯ ರುಮಾಲು ಸುತ್ತಿಕೊಂಡು ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದ. ಅದೇ ಗೋಡೆಯ ಇನ್ನೊಂದು ಬದಿಗೆ, ಒಲೆಯ ಮುಂದೆ, ನನ್ನ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಇಬ್ಬರ ಬೆನ್ನುಗಳ ನಡುವೆ ಇದ್ದದ್ದು ಆ ಮಣ್ಣಿನ ಗೋಡೆಯಷ್ಟೇ.

ಸೊಸೆಯ ದನಿ ಪಡಸಾಲೆಗೆ ಬರಬಾರದು ಎನ್ನುವುದು ಆ ಮನೆಯ ರೀತಿ. ಅವ್ವ ಮಾವನಿಗೆ ಏನಾದರೂ ಹೇಳುವುದಿದ್ದರೆ ತಲೆಯ ಮೇಲಿನ ಸೆರಗನ್ನು ಮುಂದಕ್ಕೆ ಎಳೆದುಕೊಂಡು, ಬಾಗಿಲ ಮರೆಯಲ್ಲಿ ನಿಂತು, ಮೊದಲು ಬಳೆ ಅಲ್ಲಾಡಿಸಿ, ಆಮೇಲೆ ನೆಲದತ್ತ ನೋಡುತ್ತ ಮೆಲ್ಲಗೆ ಹೇಳಬೇಕು. ಹೀಗಿರುವಾಗ ಅಜ್ಜನ ಕಿವಿ ಸ್ವಲ್ಪ ಸ್ವಲ್ಪವಾಗಿ ಮಂದವಾಗುತ್ತ ಬಂತು. ಮೊದಲು ಬಳೆಯ ಸದ್ದು ಹೋಯಿತು, ಆಮೇಲೆ ಅವ್ವನ ಮಾತು ಹೋಯಿತು. ಅಪ್ಪ, ನೆರೆಯವರು, ಆಳುಮಕ್ಕಳು ಎಲ್ಲರೂ ಅಜ್ಜನ ಎದುರು ಕೂಗಿ ಮಾತಾಡತೊಡಗಿದರು. ಅವ್ವ ಕೂಗುವಂತಿರಲಿಲ್ಲ. ಸೊಸೆ ಮಾವನ ಮುಂದೆ ದನಿ ಎತ್ತಿದರೆ ಅದು ಜಗಳವೆಂದೇ ಲೆಕ್ಕ. ಹೀಗೆ ಕೆಟ್ಟದ್ದು ಅಜ್ಜನ ಕಿವಿಯಾದರೂ ಕಟ್ಟಿದ್ದು ಅವ್ವನ ಬಾಯಿ.

ರಜೆಗೆ ನಾನು ಊರಿಗೆ ಬಂದಾಗ ಅವರಿಬ್ಬರ ನಡುವೆ ಓಡಾಡುವ ಮಾತು ನನ್ನದಾಗುತ್ತಿತ್ತು. ನಾನು ಹುಬ್ಬಳ್ಳಿಯ ಕಾನ್ವೆಂಟಿನ ಹಾಸ್ಟೆಲಿನಲ್ಲಿ ಓದುತ್ತಿದ್ದೆ. ಅಲ್ಲಿ ಸಿಸ್ಟರುಗಳು ಹೆಣ್ಣುಮಕ್ಕಳು ಮೆಲುದನಿಯಲ್ಲಿ ಮಾತಾಡಬೇಕೆಂದು, ಬಾಗಿಲನ್ನು ಸದ್ದಾಗದಂತೆ ಹಾಕಬೇಕೆಂದು ಕಲಿಸುತ್ತಿದ್ದರು. ಮನೆಗೆ ಬಂದರೆ ಅವ್ವ ಬಾಗಿಲ ಮರೆಯಲ್ಲಿ ಪಿಸುಗುಟ್ಟಿದ್ದನ್ನು ನಾನು ಅಜ್ಜನ ಕಿವಿಗೆ ಬಾಯಿಟ್ಟು ಓಣಿಗೆಲ್ಲ ಕೇಳುವಂತೆ ಒದರಬೇಕು. ಅಜ್ಜನಿಗೆ ಹೊಟ್ಟೆ ಸರಿಯಿದೆಯೋ ಇಲ್ಲವೋ ಎನ್ನುವುದೂ ಓಣಿಗೆ ಗೊತ್ತಾಗುತ್ತಿತ್ತು. ನನಗೆ ನಾಚಿಕೆಯಾಗುತ್ತಿತ್ತು, ಅಜ್ಜನಿಗೆ ಇನ್ನೂ ಹೆಚ್ಚು. ಕೇಳಿಸದಿದ್ದರೂ ಆತ ಕೇಳಿಸಿದಂತೆ ತಲೆಯಾಡಿಸುತ್ತಿದ್ದ. ಅಜ್ಜನ ಗೆಳೆಯ ಮಕ್ತುಮಸಾಬ ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚುತ್ತ, “ನಿಮ್ಮಜ್ಜ ಕಿವುಡ ಅಲ್ಲ ಬಿಡವಾ, ಅಗದಿ ಶಾಣ್ಯಾ. ಚಹಾ ಅಂದ್ರ ಕೇಳಸ್ತೈತಿ, ಸಾಲಾ ಅಂದ್ರ ಕೇಳಸೂದಿಲ್ಲ” ಎಂದು ಚೇಷ್ಟೆ ಮಾಡುತ್ತಿದ್ದ. ಅಜ್ಜ ಅದಕ್ಕೂ ತಲೆಯಾಡಿಸುತ್ತಿದ್ದ. ದಿನವೂ ಆತನ ಕಿವಿಗೆ ಬೆಳ್ಳುಳ್ಳಿಯ ಎಣ್ಣೆ ಬೀಳುತ್ತಿತ್ತು. ಸೋರುತ್ತಿದ್ದ ನನ್ನ ಕಿವಿಗೂ ಅವ್ವ ಅದನ್ನೇ ಬಿಡುತ್ತಿದ್ದಳು. ಹಾಗೆ ಎಣ್ಣೆ ಬಿಡಬಾರದೆಂದು ಹೇಳುವವರು ಆಗ ನಮಗೆ ಯಾರೂ ಇರಲಿಲ್ಲ.

ತಮ್ಮ ಮಾತು ಯಾರಿಗೂ ಕೇಳಿಸದು ಎಂದಾದಾಗ ಮನುಷ್ಯರು ಮಾತಾಡಲು ಶುರುಮಾಡುತ್ತಾರೇನೋ. ಅಪ್ಪ ಹೊಲಕ್ಕೆ ಹೋದ ಮೇಲೆ, ರೊಟ್ಟಿ ಬಡಿಯುವ ಸದ್ದಿನ ನಡುವೆ, ಅವ್ವ ಗೋಡೆಯಾಚೆಯ ಮಾವನಿಗೆ ಹೇಳುತ್ತಿದ್ದಳು. ಸಿಟ್ಟಿನ ದನಿಯಲ್ಲ, ಕಾಳು ಆರಿಸುವಾಗ ಕಲ್ಲು ತೆಗೆದು ಬದಿಗಿಡುತ್ತಾರಲ್ಲ, ಹಾಗೆ. ಅವಳ ಅಪ್ಪ ಹಾಸಿಗೆ ಹಿಡಿದಾಗ ತವರಿನಿಂದ ಆಳು ಬಂದಿದ್ದನಂತೆ. ಅದು ಹೆಸರುಕಾಯಿ ಬಿಡಿಸುವ ಕಾಲ. ಮಳೆ ಬಂದರೆ ಕಾಯಿ ಗಿಡದಲ್ಲೇ ಕೊಳೆಯುತ್ತವೆ, ಬಿಡಿಸುವುದು ಮುಗಿಯಲಿ, ಆಮೇಲೆ ಹೋಗು ಎಂದಿದ್ದ ಅಜ್ಜ. ಅವ್ವ ಹೋಗುವಷ್ಟರಲ್ಲಿ ಅವಳಪ್ಪನ ಮಣ್ಣು ಮುಗಿದಿತ್ತು. ಇದನ್ನು ಅವಳು ಅಪ್ಪನಿಗಾಗಲಿ ತವರಿನವರಿಗಾಗಲಿ ಹೇಳಿದ್ದನ್ನು ನಾನು ಕಂಡಿಲ್ಲ. ಹೇಳುತ್ತಿದ್ದುದು ರೊಟ್ಟಿಯ ಹಂಚಿಗೆ, ಮತ್ತು ಕೇಳಿಸದ ಮಾವನಿಗೆ.

ಒಂದು ಬೇಸಿಗೆಯ ರಜೆಯಲ್ಲಿ ಅಪ್ಪ ಹುಬ್ಬಳ್ಳಿಯಿಂದ ಅಜ್ಜನಿಗೊಂದು ಮಷೀನು ತಂದ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಡಬ್ಬಿ ಕಿಸೆಯಲ್ಲಿ, ಅಲ್ಲಿಂದ ಕಿವಿಯವರೆಗೆ ಹೆಣೆದ ದಾರದಂಥ ತಂತಿ. ಎತ್ತಿಗೆ ಮೂಗುದಾಣ ಹಾಕಿದಂತೆ ಕಾಣುತ್ತದೆಂದು ಅಜ್ಜ ಅದನ್ನು ರುಮಾಲಿನ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದ. ಮುಚ್ಚಿದೊಡನೆ ಅದು ಕುಂಯ್ ಎಂದು ಸೀಟಿ ಹಾಕುತ್ತಿತ್ತು. ಕಟ್ಟೆಗೆ ಹೋಗುವುದನ್ನೂ ಬಿಟ್ಟ. ಆದರೆ ಪಡಸಾಲೆಯಲ್ಲಿ ಒಬ್ಬನೇ ಕೂತಾಗ ಅವನ ಮುಖದಲ್ಲಿ ಏನೋ ಬಂದು ಹೋಗುವುದನ್ನು ನಾನು ನೋಡುತ್ತಿದ್ದೆ: ಗುಬ್ಬಿ ಬಂದರೆ ತಲೆ ಎತ್ತುತ್ತಿದ್ದ, ಎತ್ತು ಕೊರಳು ಕೊಡವಿದರೆ ತಿರುಗುತ್ತಿದ್ದ. ಆ ಮಷೀನಿನ ಬಗ್ಗೆ ನಾವೆಲ್ಲ ಒಂದು ತಪ್ಪು ತಿಳಿದಿದ್ದೆವು. ಎದುರು ಕೂತು ಡಬ್ಬಿಗೆ ಬಾಯಿ ಹಚ್ಚಿ ಮಾತಾಡಿದರೆ ಮಾತ್ರ ಕೇಳುತ್ತದೆ, ಫೋನಿನ ಹಾಗೆ, ಎಂದುಕೊಂಡಿದ್ದೆವು. ಅದಕ್ಕೇ ಬಂದವರೆಲ್ಲ ಬಾಗಿ ಅಜ್ಜನ ಎದೆಯ ಜೊತೆ ಮಾತಾಡುತ್ತಿದ್ದರು. ಗೋಡೆಯಾಚೆಯ ಮಾತೂ ಅದಕ್ಕೆ ಸಿಗುತ್ತದೆಂದು ಯಾರಿಗೂ ಹೊಳೆದಿರಲಿಲ್ಲ. ಅವ್ವನಿಗೂ.

ಒಂದು ಬೆಳಿಗ್ಗೆ ನಾನೂ ಅಜ್ಜನೂ ಎದುರುಬದುರು ಕೂತು ಬಿತ್ತನೆಗೆ ಶೇಂಗಾ ಸುಲಿಯುತ್ತಿದ್ದೆವು. ಒಳಗೆ ರೊಟ್ಟಿಯ ಸದ್ದು ಶುರುವಾಯಿತು. ಅದರ ನಡುನಡುವೆ ಅವ್ವನ ದನಿ. “ಹೆಸರ ಬಿಡಸಾಕ ನಾಕ ಮಂದಿ ಸಿಗ್ತಿದ್ರು ಮಾವಾರ. ನಮ್ಮಪ್ಪಗ ನಾ ಒಬ್ಬಾಕಿನ ಇದ್ದೆ. ಬಾಗಲಾ ನೋಡಿ ನೋಡಿ ಹ್ವಾದಂತ. ನನ್ನ ಕಳಸಬೇಕಾಗಿತ್ತು ನೀವು.” ಅಜ್ಜನ ಬೆರಳುಗಳು ಕಾಯಿಯ ಮೇಲೆ ನಿಂತವು. ನಾನು ತಲೆ ಎತ್ತಿದೆ. ಡಬ್ಬಿಯ ಮೇಲೆ ಸದ್ದು ಕಡಿಮೆ ಮಾಡುವ ಸಣ್ಣ ಗಾಲಿಯೊಂದಿತ್ತು. ಆತನ ಕೈ ಕಿಸೆಯವರೆಗೆ ಹೋಯಿತು, ಗಾಲಿಯನ್ನು ತಿರುವಲಿಲ್ಲ. ರೊಟ್ಟಿಯ ಸದ್ದು ನಿಲ್ಲುವವರೆಗೂ, ಶಾಲೆಯಲ್ಲಿ ಬೈಸಿಕೊಳ್ಳುವ ಹುಡುಗನಂತೆ ತಲೆ ತಗ್ಗಿಸಿ ಪೂರ್ತಿ ಕೇಳಿದ. ಆಮೇಲೆ ಕಿವಿಯಿಂದ ತಂತಿ ತೆಗೆದು, ಡಬ್ಬಿಗೆ ಸುತ್ತಿ, ತಲೆಯ ಮೇಲೆ ಗೋಡೆಯಲ್ಲಿದ್ದ ಗೂಡಿನಲ್ಲಿಟ್ಟ. ತನ್ನ ದನಿ ಎಷ್ಟು ದೊಡ್ಡದೆಂದು ತಿಳಿಯದೆ ಯಾವಾಗಲೂ ಕೂಗಿಯೇ ಮಾತಾಡುತ್ತಿದ್ದ ಅಜ್ಜ ಅಂದು ನನಗಷ್ಟೇ ಕೇಳುವಂತೆ, “ನಿಮ್ಮವ್ವಗ ಹೇಳಬ್ಯಾಡವಾ” ಎಂದ.

ಮತ್ತೆಂದೂ ಆತ ಅದನ್ನು ಹಾಕಿಕೊಳ್ಳಲಿಲ್ಲ. ಬರೇ ಗದ್ದಲ, ತಲೆ ಸಿಡಿಯುತ್ತದೆ ಎಂದು ಅಪ್ಪನಿಗೆ ಹೇಳಿದ. ಮುದುಕನ ಹಟ ಎಂದು ಅಪ್ಪ ರೇಗಿದ, ಓಣಿಯವರು ನಕ್ಕರು. ಅವ್ವನ ಮಾತು ಗೋಡೆಯಾಚೆ ಹಾಗೆಯೇ ನಡೆಯಿತು. ಆಕೆಗೆ ಇದ್ದ ಆ ಒಂದೇ ಜಾಗವನ್ನು ಆಕೆಗೇ ಬಿಟ್ಟುಕೊಟ್ಟನೋ, ಅಥವಾ ಕೇಳುವ ಧೈರ್ಯ ಇಲ್ಲದೆ ಓಡಿಹೋದನೋ, ನನಗೆ ಇಂದಿಗೂ ತಿಳಿಯದು. ಎರಡೂ ಇರಬಹುದು. ಮಾವನಾದವನು ಸೊಸೆಯ ಮುಂದೆ ಹೋಗಿ ತಪ್ಪಾಯಿತು ಎನ್ನಲು ಆ ಮನೆಯಲ್ಲಿ ದಾರಿಯೇ ಇರಲಿಲ್ಲ. ಅಜ್ಜ ಕಿವುಡನಾಗಿಯೇ ತೀರಿಕೊಂಡ. ಅವ್ವ ಆತನ ಪಾದಕ್ಕೆ ತಲೆಯಿಟ್ಟು ಎಲ್ಲರಿಗಿಂತ ಹೆಚ್ಚು ಹೊತ್ತು ಅತ್ತಳು. ಆಗಲೂ ಸದ್ದಾಗದಂತೆಯೇ.

“ಅಮ್ಮಾರ, ಯಾವುದು ತೊಗೊಂತೀರಿ?” ಎಂದು ದವಾಖಾನೆಯ ಹುಡುಗಿ ಎರಡನೆಯ ಸಲ ಕೇಳಿದಳು. ನನ್ನ ಮುಂದೆ ಎರಡು ಬಗೆಯವಿದ್ದವು. ಒಂದು ಹುಣಸೆ ಬೀಜದಷ್ಟು ಚಿಕ್ಕದು. ಕಿವಿಯೊಳಗೆ ಕೂತರೆ ಹೊರಗೆ ಏನೂ ಕಾಣದು. ಇನ್ನೊಂದು ಕಿವಿಯ ಹಿಂದಿನದು. ಅವಳು ನನ್ನ ಪರೀಕ್ಷೆಯ ಕಾಗದದ ಮೇಲಿನ ಗೆರೆಯನ್ನು ತೋರಿಸಿ ತಾಳ್ಮೆಯಿಂದ ಹೇಳಿದ್ದಳು. ಬಸ್ಸಿನ ಸದ್ದು, ಗಂಡಸರ ದಪ್ಪ ದನಿ ನನಗೆ ಇನ್ನೂ ಕೇಳುತ್ತದೆ. ಹೆಂಗಸರ, ಮಕ್ಕಳ ತೆಳುದನಿಯೇ ಜಾರಿಹೋಗಿದೆ. ಒಂದು ಕಿವಿಗೆ ಸಾಲದು, ಎರಡಕ್ಕೂ ಬೇಕು. ಒಮ್ಮೆ ಸೋರಿದ ಕಿವಿಯನ್ನು ಗಾಳಿಯಾಡದಂತೆ ಮುಚ್ಚದಿರುವುದು ಒಳ್ಳೆಯದು. ಒಳಗಿನದರ ಬ್ಯಾಟರಿ ಮೆಣಸಿನಕಾಳಿನಷ್ಟು ಸಣ್ಣದು, ನನ್ನ ಬಾತ ಬೆರಳುಗಳಿಗೆ ಸಿಗದು. ಹಿಂದಿನದನ್ನು ಮೊಬೈಲಿನಂತೆ ಚಾರ್ಜಿಗಿಟ್ಟರೆ ಸಾಕು. ಮೊದಲು ಮನೆಯೊಳಗೆ, ದಿನಕ್ಕೆ ಸ್ವಲ್ಪ ಸ್ವಲ್ಪ ಹೊತ್ತು ಹಾಕಿಕೊಂಡು ರೂಢಿ ಮಾಡಿಕೊಳ್ಳಬೇಕು. ಇಷ್ಟನ್ನೂ ಕೇಳಿಸಿಕೊಂಡು ನಾನು ಕೇಳಿದ್ದು ಒಂದೇ ಪ್ರಶ್ನೆ: “ಹೊರಗ ಕಾಣಸ್ತೈತೇನ್ರಿ?”

ನಾಚಿಕೆ ನನ್ನನ್ನು ಅಷ್ಟು ಹಿಡಿದಿತ್ತು. ಸೀರೆಗೆ ಫಾಲ್ ಹಚ್ಚಿಸಿಕೊಂಡು ಬರುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿ ಕುಂದಗೋಳದಿಂದ ಬಸ್ಸು ಹತ್ತಿದ್ದೆ. ಕಿವಿ ಮಂದವಾದದ್ದು ಗಂಡನಿಗೂ ಮಗನಿಗೂ ತಿಳಿಯದಂತೆ ಎಷ್ಟೋ ದಿನದಿಂದ ನಡೆಸಿದ್ದೆ. ಟೀವಿಯ ಸದ್ದೇ ಸರಿಯಿಲ್ಲ ಎನ್ನುತ್ತಿದ್ದೆ. ಹಾಲಿನ ಹುಡುಗಿ ಏನು ಕೇಳಿದರೂ ಹೂಂ ಎನ್ನುತ್ತಿದ್ದೆ. ನಾಲ್ಕು ಜನರ ನಡುವೆ ಕೂತಾಗ ಮುಖಗಳನ್ನು ನೋಡುತ್ತ, ಅವರು ನಕ್ಕರೆ ನಗುತ್ತ, ಮೋರೆ ಸಣ್ಣ ಮಾಡಿದರೆ ಚ್ ಚ್ ಎನ್ನುತ್ತಿದ್ದೆ. ಅಜ್ಜ ತಲೆಯಾಡಿಸುತ್ತಿದ್ದುದು ಹೇಗೆಂದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಈಚೆಗೆ ನನ್ನ ಸೊಸೆ ಸವಿತಾ ಅಡುಗೆಮನೆಯಲ್ಲಿ ತಾಯಿಯ ಜೊತೆ ಫೋನಿನಲ್ಲಿ ಮಾತಾಡುವಾಗ, ನಾನು ಪಕ್ಕದಲ್ಲೇ ಕೂತು ಸೊಪ್ಪು ಸೋಸುತ್ತಿದ್ದರೂ ಎದ್ದು ಹೋಗುತ್ತಿರಲಿಲ್ಲ. ದನಿ ತಗ್ಗಿಸಿದರೆ ಅತ್ತೆಯ ಲಕ್ಷ್ಯಕ್ಕೆ ಬರುವುದಿಲ್ಲ ಎಂದುಕೊಂಡಿದ್ದಳೇನೋ. ತುಟಿ ಆಡುವುದು, ಕಣ್ಣು ತುಂಬುವುದು ನನಗೆ ಕಾಣುತ್ತಿತ್ತು. ಆಕೆಗೂ ಗೋಡೆಯಾಚೆಯ ಜಾಗವೊಂದು ಸಿಕ್ಕಿದೆ, ಆ ಗೋಡೆ ನಾನೇ ಎಂದು ದವಾಖಾನೆಯ ಆ ಕುರ್ಚಿಯಲ್ಲಿ ಕೂತಾಗ ಹೊಳೆಯಿತು. ಹುಣಸೆ ಬೀಜವನ್ನು ಕಿವಿಯೊಳಗೆ ಬಚ್ಚಿಟ್ಟುಕೊಂಡು ಹೋದರೆ ನಾಳೆ ಬೆಳಿಗ್ಗೆ ನಾನು ಸೊಪ್ಪು ಸೋಸುತ್ತ ಆಕೆಯ ಮಾತನ್ನೆಲ್ಲ ಕದ್ದು ಕೇಳುತ್ತೇನೆ. ಹಿಂದಿನದನ್ನೇ ಕೊಡು ಎಂದೆ ಹುಡುಗಿಗೆ. ಕೂದಲನ್ನು ಹಿಂದಕ್ಕೆ ಬಾಚಿ, ಬಿಗಿಯಾಗಿ ತುರುಬು ಕಟ್ಟಿಕೊಂಡು ಬಸ್ಸು ಹತ್ತಿದೆ. ಇಡೀ ಬಸ್ಸು ನನ್ನ ಕಿವಿಯನ್ನೇ ನೋಡುತ್ತಿದೆ ಅನ್ನಿಸಿತು. ಯಾರೂ ನೋಡಲಿಲ್ಲ.

ಮನೆ ತಲುಪಿದಾಗ ಸವಿತಾ ಒಲೆಯ ಮುಂದೆ ಫೋನು ಹಿಡಿದು ನಿಂತಿದ್ದಳು. ನಾನು ಒಳಗೆ ಹೋಗಲಿಲ್ಲ, ಬಾಗಿಲಲ್ಲೇ ನಿಂತೆ. “ಸವಿತಾ, ಕಿವಿಗೆ ಮಷೀನ ಹಾಕಿಸ್ಕೊಂಡ ಬಂದೀನಿ. ಇನ್ನ ನಂಗ ಕೇಳಸ್ತೈತಿ.”

ಅವಳು ನನ್ನ ಕಿವಿಯನ್ನು, ಆಮೇಲೆ ಮುಖವನ್ನು ನೋಡಿದಳು. ಫೋನು ಕಟ್ ಮಾಡಿ ಮೆಲ್ಲಗೆ ಅಡುಗೆಕಟ್ಟೆಯ ಮೇಲೆ ಮಗುಚಿಟ್ಟಳು. “ಇಷ್ಟ ದಿನಾ ಕೇಳಸ್ತಿರಲಿಲ್ಲೇನ್ರಿ ಅತ್ತಿ?”

“ಇಲ್ಲವಾ. ಬಾಳ ದಿನಾತು.” ಆ ಮಾತನ್ನು ನಾನು ಯಾರ ಮುಂದೆಯೂ ಆಡಿರಲಿಲ್ಲ.

ಅವಳು ಒಲೆಯನ್ನು ಸಣ್ಣ ಮಾಡಿದಳು. “ಹಂಗಾದ್ರ ಅವತ್ತ ತೊಟ್ಟಿಲದಾಗ?” ಎಂದಳು. ನನ್ನ ನಾದಿನಿಯ ಮೊಮ್ಮಗನನ್ನು ತೊಟ್ಟಿಲಿಗೆ ಹಾಕಿದ ದಿನದ ಮಾತು. ಹೆಂಗಸರೆಲ್ಲ ಸುತ್ತ ಕೂತಿದ್ದೆವು, ಸವಿತಾ ತೊಟ್ಟಿಲ ಹಗ್ಗ ಹಿಡಿದಿದ್ದಳು. ಮದುವೆಯಾಗಿ ವರ್ಷಗಳಾದರೂ ಅವಳ ಮಡಿಲು ತುಂಬಿಲ್ಲ. ಹೇಳು ಎಂದೆ. ಅವಳು ಒಲೆಯತ್ತ ನೋಡುತ್ತ ಹೇಳಿದಳು. “ನಮ್ಮ ಸವಿತಾಗ ಮಂದಿ ತೊಟ್ಟಿಲಾ ತೂಗೂದ ಕೆಲಸ ಆತು ನೋಡ್ರಿ ಅಂತ ಯಾರೋ ಅಂದ್ರು. ಎಲ್ಲಾರೂ ನಕ್ರು. ನೀವೂ ನಕ್ರಿ ಅತ್ತಿ. ಎಲ್ಲಾರ್ಕಿಂತ ಜೋರಾಗಿ ನಕ್ರಿ.”

ಆ ದಿನ ನನಗೆ ನೆನಪಿತ್ತು. ಬಾಯಿ ತೆರೆದು ನಗುವ ಮುಖಗಳನ್ನು ಕಂಡಿದ್ದೆ, ಹಿಂದೆ ಬಿದ್ದೆನೆಂದು ಯಾರಿಗೂ ಗೊತ್ತಾಗಬಾರದೆಂದು ಜೋರಾಗಿಯೇ ನಕ್ಕಿದ್ದೆ. ಅವರು ಏನೆಂದರೆಂದು ತಿಳಿದಿರಲಿಲ್ಲ ಎಂದು ಹೇಳಿದೆ. ಹೇಳುತ್ತಿರುವಾಗಲೇ ಅದು ಎಷ್ಟು ಸಣ್ಣ ಮಾತು ಅನ್ನಿಸಿತು. ನಾನು ಅಲ್ಲೇ ನೆಲದ ಮೇಲೆ ಕೂತೆ. ಮಷೀನಿನಲ್ಲಿ ಒಲೆಯ ಉರಿ ಸುಯ್ಯೆನ್ನುವುದೂ, ಅವಳು ಉಸಿರೆಳೆದುಕೊಳ್ಳುವುದೂ ಅತಿಯಾಗಿ ಕೇಳುತ್ತಿತ್ತು. “ಇನ್ನ ಏನೈತಿ, ಅದನ್ನೂ ಹೇಳವಾ” ಎಂದೆ. ಒಲೆ ಆರಿಸಿ ಅವಳೂ ನನ್ನೆದುರು ಕೂತಳು. ಇಷ್ಟು ದಿನ ತಾಯಿಗೆ ಹೇಳುತ್ತಿದ್ದುದನ್ನು ನನಗೆ ಹೇಳತೊಡಗಿದಳು, ಮೆಲುದನಿಯಲ್ಲೇ. ದನಿ ಎತ್ತು ಎಂದು ನಾನು ಹೇಳಬೇಕಾಗಲಿಲ್ಲ.

ಅವ್ವನಿಗೆ ಹೀಗೆ ಹೇಳವಾ ಎಂದವರು ಯಾರೂ ಇರಲಿಲ್ಲ. ತನ್ನ ಮಾತು ಒಂದು ದಿನ ತಲುಪಿತ್ತೆಂದು ತಿಳಿಯದೆಯೇ ಆಕೆ ಹೋದಳು. ತಲುಪಿತೆಂದು ಹೇಳಲಾಗದೆ ಅಜ್ಜ ಹೋದ. ಅವರಿಬ್ಬರೂ ಬೆನ್ನು ಕೊಟ್ಟು ಕೂತಿದ್ದ ಆ ಮಣ್ಣಿನ ಗೋಡೆಯನ್ನು ಕೆಡವಿ ಈಗ ಅಲ್ಲಿ ಬೇರೆ ಯಾರೋ ಸಿಮೆಂಟಿನ ಮನೆ ಕಟ್ಟಿಕೊಂಡಿದ್ದಾರೆ.