ಎತ್ತಿದ ಕಾಲು

ಅತ್ತಾವರದ ಬಾಲಚಂದ್ರರ ಕೈಗೆ ಮೈಕು ಕೊಟ್ಟರೆ ವಾಪಸು ಬರುವುದಿಲ್ಲ ಎಂಬ ಮಾತು ಓದುಬಳಗದಲ್ಲಿ ಇತ್ತು. ಅದು ಅವರ ಕಿವಿಗೂ ಬಿದ್ದಿತ್ತು, ಬಿದ್ದು ಖುಷಿಯೂ ಆಗಿತ್ತು. ದೇವಸ್ಥಾನದ ಪೂಜೆಯ ಮನೆತನದಲ್ಲಿ ಹುಟ್ಟಿ, ಮಂತ್ರಕ್ಕಿಂತ ಹೆಚ್ಚು ಕಾದಂಬರಿಗಳನ್ನೇ ಬಾಯಿಪಾಠ ಮಾಡಿದವರು. ವಿಮಾ ಕಚೇರಿಯಲ್ಲಿ ನಿವೃತ್ತಿಯಾಗುವ ತನಕ ಫೈಲಿನ ಅಡಿಯಲ್ಲಿ ಪುಸ್ತಕ ಇಟ್ಟುಕೊಂಡು ಓದಿದವರು. ಕಂಕನಾಡಿ ಮಾರ್ಕೆಟಿನ ಹತ್ತಿರದ ಮಹಡಿಯ ಕೋಣೆಯಲ್ಲಿ ತಿಂಗಳಿಗೊಮ್ಮೆ ಸೇರುವ ಆ ಬಳಗಕ್ಕೆ, ಈ ವರ್ಷ ಹೊಸಬರು ಬೇಡ, ಪ್ರಾಯದಲ್ಲಿ ಮೆಚ್ಚಿದ ಲೇಖಕರನ್ನೇ ಮತ್ತೆ ಓದೋಣ ಎಂದು ಸೂಚಿಸಿದವರೂ ಅವರೇ.

ಜನವರಿಯ ಮೊದಲ ಮಾತು ಅವರದ್ದೇ. ಎತ್ತಿಕೊಂಡದ್ದು ತಮ್ಮ ಪ್ರಾಣದಂಥ ಕಾದಂಬರಿ. ಗಂಡನ ಮನೆ ಬಿಟ್ಟು ಹೊರಟ ಹೆಂಗಸು ಕಡವಿನಲ್ಲಿ ದೋಣಿ ಹತ್ತಲು ಒಂದು ಕಾಲು ಎತ್ತುತ್ತಾಳೆ, ಅಲ್ಲಿಗೆ ಕತೆ ಮುಗಿಯುತ್ತದೆ. "ಎತ್ತಿದ ಕಾಲನ್ನು ಇಳಿಸದೆ ಬಿಟ್ಟದ್ದೇ ಲೇಖಕರ ದೊಡ್ಡತನ. ಇಳಿಸುವುದು ನಮ್ಮ ಕೆಲಸ," ಎಂದರು ಬಾಲಚಂದ್ರರು. ನಲವತ್ತು ವರ್ಷಗಳಿಂದ ಹೇಳಿಕೊಂಡು ಬಂದ ಮಾತು ಅದು. ಒಂದು ಸ್ಮರಣ ಸಂಚಿಕೆಯಲ್ಲಿ ಅಚ್ಚೂ ಆಗಿತ್ತು.

ಹಿಂದಿನ ಸಾಲಿನಿಂದ ಅವರ ಹೆಂಡತಿ ವಾರಿಜಾ ಮೆಲ್ಲಗೆ ಕೇಳಿದರು: "ಅಲ್ಲ, ಅವಳು ಕೊನೆಗೆ ವಾಪಸು ಬರ್ತಾಳಲ್ಲ?"

ವಾರಿಜಾ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಸುಮ್ಮಸುಮ್ಮನೆ ಬಾಯಿ ಬಿಡುವವರಲ್ಲ. ಆದರೆ ನಾಲಿಗೆಗೆ ಎಲುಬಿಲ್ಲ ನೋಡಿ, ಅದರಲ್ಲೂ ಮೈಕಿನ ಮುಂದೆ. "ನೀನು ಓದಿದ್ದಾ, ಟಿವಿಯಲ್ಲಿ ನೋಡಿದ್ದಾ ಮಾರಾಯ್ತಿ? ನಮ್ಮ ಮನೆಯಲ್ಲಿ ಕಾದಂಬರಿಯೂ ಸೀರಿಯಲ್ಲಿನ ಹಾಗೆ ಸುಖವಾಗಿ ಮುಗೀಬೇಕು!" ಎಂದುಬಿಟ್ಟರು. ಕೋಣೆಗೆ ಕೋಣೆಯೇ ನಕ್ಕಿತು. ವಾರಿಜಾರೂ ನಕ್ಕರು.

ಮರುತಿಂಗಳಿಂದ ಅವರಿಗೆ ಮೊಣಕಾಲು ನೋವು. ಮಹಡಿ ಮೆಟ್ಟಿಲು ಹತ್ತಲಿಕ್ಕೆ ಆಗುವುದಿಲ್ಲ ಎಂದರು. ಅದೇ ಕಾಲಿನಲ್ಲಿ ಕಂಕನಾಡಿಗೆ ನಡೆದು ತರಕಾರಿ ತರುತ್ತಿದ್ದರು, ಪಂಪ್‌ವೆಲ್ಲಿನಲ್ಲಿ ಬಸ್ಸು ಹತ್ತಿ ಅಕ್ಕನ ಮನೆಗೂ ಹೋಗುತ್ತಿದ್ದರು. ಬಾಲಚಂದ್ರರು ಅದನ್ನು ಕಂಡೂ ಕೇಳಲಿಲ್ಲ. ಕೇಳಿದರೆ ಉತ್ತರ ಸಿಕ್ಕೀತು ಎಂಬ ಭಯವಿದ್ದರೂ ಇದ್ದೀತು.

ಬಾಲಚಂದ್ರರ ಓದಿನ ವರ್ಷವೇನೋ ಚೆನ್ನಾಗಿಯೇ ಸಾಗಿತು. ಕಾಲೇಜಿನಲ್ಲಿ ಹೊಟ್ಟೆ ಹುಣ್ಣಾಗುವಷ್ಟು ನಗಿಸಿದ್ದ ಹಾಸ್ಯಗಾರ ಈಗ ಬರೀ ಹೆಂಗಸರನ್ನು ಹೀಯಾಳಿಸಿ ಬದುಕಿದವನಂತೆ ಕಂಡ. ಆಗ ಸಪ್ಪೆಯೆಂದು ಮೂಲೆಗೆ ಹಾಕಿದ್ದ ಒಬ್ಬಳು ಕವಿ ಮಳೆಗಾಲವಿಡೀ ಕೈಬಿಡಲಿಲ್ಲ. ಆ ಹಾಸ್ಯಗಾರನನ್ನು ಬಳಗದಲ್ಲಿ ಚೆನ್ನಾಗಿ ಜಾಡಿಸಿದರು ಬಾಲಚಂದ್ರರು. ಜಾಡಿಸುವಾಗ ತಮ್ಮ ಮನೆಯ ಮೊಣಕಾಲು ನೆನಪಾಗಲಿಲ್ಲ.

ಡಿಸೆಂಬರಿನಲ್ಲಿ, ಇಡೀ ವರ್ಷದ ಓದಿನ ಬಗ್ಗೆ ಮಾತಾಡಲಿಕ್ಕಿತ್ತು. ಕೊನೆಗೆ ಆ ಕಡವಿನ ಸಾಲನ್ನೇ ಓದುವ ಆಸೆ. ತಮ್ಮ ಹಳೆಯ ಪ್ರತಿ ತೆಗೆದು ನೋಡಿದರೆ ಪೂರ್ತಿ ಗೆದ್ದಲು. ಅದು ಅಂಗಡಿಯ ಪುಸ್ತಕವಲ್ಲ. ಕಾದಂಬರಿ ಧಾರಾವಾಹಿಯಾಗಿ ಬರುತ್ತಿದ್ದಾಗ ಅಮ್ಮ ವಾರಪತ್ರಿಕೆಯಿಂದ ಹಾಳೆ ಹಾಳೆ ಬಿಡಿಸಿ, ದಬ್ಬಣದಲ್ಲಿ ಹೊಲಿದು, ರಟ್ಟು ಹಾಕಿದ್ದು. ಆಗಿನ ಕಾಲಕ್ಕೆ ಎಷ್ಟೋ ಮನೆಗಳ ಗ್ರಂಥಾಲಯ ಹಾಗೇ ಬೆಳೆದದ್ದು. ಬಳಗದ ಯೂಸ್ಟೇಸ್ ತಾವಿನ್ನೂ ಓದದೆ ಇಟ್ಟಿದ್ದ ಅಚ್ಚಾದ ಪುಸ್ತಕ ಕೊಟ್ಟರು.

ಮಧ್ಯಾಹ್ನ ಊಟ ಮಾಡಿ ಕಡೆಯ ಪುಟ ತೆರೆದರೆ ಕಡವೂ ಇಲ್ಲ, ದೋಣಿಯೂ ಇಲ್ಲ. ಹಿಂದೆ ಮಗುಚುತ್ತಾ ಹೋದರು. ಹೆಂಗಸು ಕಾಲು ಎತ್ತಿದ ಮೇಲೆ ಇನ್ನೂ ಮೂರು ಅಧ್ಯಾಯಗಳಿದ್ದವು. ಅವಳು ದೋಣಿ ಹತ್ತುತ್ತಾಳೆ, ಆಚೆ ದಡದಲ್ಲಿ ವರ್ಷಗಟ್ಟಲೆ ದುಡಿಯುತ್ತಾಳೆ, ತಲೆ ಎತ್ತಿಕೊಂಡು ಅದೇ ಮನೆಗೆ ವಾಪಸು ಬರುತ್ತಾಳೆ. ಧಾರಾವಾಹಿ ಬಂದ ವರ್ಷವೇ ಕಿರಿಯ ತಮ್ಮ ಹುಟ್ಟಿದ್ದು, ಆ ಹೊತ್ತಿಗೆ ಅಮ್ಮ ಬಾಣಂತನಕ್ಕೆ ತವರಿಗೆ ಹೋಗಿದ್ದರು ಎಂಬುದು ಆಗ ಹೊಳೆಯಿತು. ಆ ವಾರಗಳ ಪತ್ರಿಕೆ ತೆಗೆದಿಡುವವರು ಮನೆಯಲ್ಲಿ ಯಾರೂ ಇರಲಿಲ್ಲ. ಲೇಖಕರ ದೊಡ್ಡತನ ಎಂದುಕೊಂಡದ್ದು ಅಮ್ಮನ ಬಾಣಂತನ! ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ನಲವತ್ತು ವರ್ಷ ಊರಿಗೆಲ್ಲ ಸಾರಿದ್ದಾಯಿತು. ಅವರ ಮೋರೆ ಬೆಚ್ಚಗಾಯಿತು. ಆದರೆ ಸ್ಮರಣ ಸಂಚಿಕೆಯ ನಾಚಿಕೆ ದೊಡ್ಡದಲ್ಲ. ಹಿಂದಿನ ಸಾಲಿನಲ್ಲಿ ನಕ್ಕ ಆ ಮುಖ ಎದುರು ಬಂದು ನಿಂತಿತು.

ವಾರಿಜಾ ಅಡಿಗೆಮನೆಯಲ್ಲಿ ಅಲಸಂಡೆ ಹೆಚ್ಚುತ್ತಿದ್ದರು.

"ನೀನು ಹೇಳಿದ್ದೇ ಸರಿ. ಅವಳು ವಾಪಸು ಬರ್ತಾಳೆ."

"ಗೊತ್ತುಂಟು."

"ಹಾಗಾದ್ರೆ ಆವತ್ತೇ ಪುಸ್ತಕ ತಂದು ನನ್ನ ಮೋರೆಗೆ ಹಿಡೀಬಾರದಿತ್ತಾ?"

"ಓದಿದ್ದಾ ಅಂತ ನೀವು ಕೇಳಿದ್ದು ಎಲ್ಲರ ಎದುರು. ನಾನು ಇಲ್ಲಿ ಅಡಿಗೆಮನೆಯಲ್ಲಿ ಗೆದ್ದು ಎಂತ ಮಾಡ್ಲಿಕ್ಕುಂಟು?"

"ಸಭೆಯಲ್ಲಿ ಹೇಳ್ತೇನೆ. ನೀನೂ ಬಾ," ಎಂದರು ಬಾಲಚಂದ್ರರು.

"ಮೊದಲು ಹೇಳಿ ಬನ್ನಿ, ನೋಡುವ."

ಹೇಳಿದರು. ಅದೆಷ್ಟು ಚಂದ ಹೇಳಿದರು! ದಬ್ಬಣ, ಗೆದ್ದಲು, ಬಾಣಂತನ, ಎಲ್ಲವೂ ಬಂದವು. ತಮ್ಮನ್ನು ತಾವೇ ಗೇಲಿ ಮಾಡಿಕೊಂಡರು. ಜನ ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಚಪ್ಪಾಳೆ ತಟ್ಟಿದರು. ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ಶರೊನ್ ಎದ್ದು ಬಂದು, "ಸರ್, ಇಷ್ಟು ಓಪನ್ನಾಗಿ ತಪ್ಪು ಒಪ್ಪಿಕೊಳ್ಳುವವರು ಈಗ ಯಾರಿದ್ದಾರೆ?" ಎಂದರು. ಬಾಲಚಂದ್ರರು ಹಗುರಾಗಿ ಮನೆಗೆ ಬಂದರು.

ಮರುದಿನ ಬೆಳಗ್ಗೆ ಯಾರೋ ಆ ಭಾಷಣದ ವಿಡಿಯೋವನ್ನು ಬಳಗದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ್ದರು. ವಾರಿಜಾ ಕಾಫಿ ಲೋಟ ಪಕ್ಕಕ್ಕಿಟ್ಟು ಮೊದಲಿಂದ ಕೊನೆಯ ತನಕ ನೋಡಿದರು. ಜನ ನಕ್ಕ ಕಡೆ ತಾವೂ ನಕ್ಕರು. ಮುಗಿದ ಮೇಲೆ ಕನ್ನಡಕ ತೆಗೆದು ಕೇಳಿದರು:

"ಇದರಲ್ಲಿ ನಾನು ಎಲ್ಲಿದ್ದೇನೆ?"

ಬಾಲಚಂದ್ರರ ಜೀವ ಹಿಡಿಯಾಯಿತು. ಅಮ್ಮನ ಬಗ್ಗೆ ಹೇಳಿದ್ದರು, ಗೆದ್ದಲನ್ನೂ ಬಿಟ್ಟಿರಲಿಲ್ಲ. ವಾರಿಜಾರ ಪ್ರಶ್ನೆಯನ್ನೂ ತಾವು ಮಾಡಿದ ಗೇಲಿಯನ್ನೂ ಬೇಕೆಂದು ಬಿಟ್ಟದ್ದಲ್ಲ, ಚಪ್ಪಾಳೆಯ ನಡುವೆ ಮರೆತೇ ಹೋಗಿತ್ತು. ಅದು ಇನ್ನೂ ಕೆಟ್ಟದ್ದು ಎಂದು ಅವರಿಗೇ ಅನಿಸಿತು. ಮೊಬೈಲು ತೆಗೆದು ಗುಂಪಿನಲ್ಲಿ ಬರೆಯಲು ಹೊರಟರು.

"ಟೈಪ್ ಮಾಡ್ಬೇಡಿ," ಎಂದರು ವಾರಿಜಾ. "ಬಾಯಲ್ಲಿ ಹೇಳಿದ್ದು, ಬಾಯಲ್ಲೇ ಹೇಳಿ. ಬರುವ ತಿಂಗಳು ನಾನೂ ಬರ್ತೇನೆ. ಎದುರಿನ ಸಾಲಿನಲ್ಲೇ ಕೂತುಕೊಳ್ತೇನೆ."

ಆ ಇಡೀ ತಿಂಗಳು, ಮೈಕಿಗೆ ಎಂದೂ ಹೆದರದ ಬಾಲಚಂದ್ರರು ಏನಾದರೂ ಆಗಿ ಸಭೆ ರದ್ದಾಗಲಿ ಎಂದು ಒಳಗೊಳಗೇ ದೇವರಿಗೆ ಕೈ ಮುಗಿದರು. ಪ್ರತಿ ಸಲ ಕೈ ಮುಗಿದ ಮೇಲೂ ಅದಕ್ಕಾಗಿ ನಾಚಿದರು.